ಕೆಡದೆ ಉಳಿದ ರಕ್ತ

"ಸತ್ತ ಹುಡುಗಿ ನನಗ ಏನ್ ಹೇಳಬೇಕಂತಿದ್ಲು? ಅಷ್ಟ್ ತಿಳಿಸಿಬಿಡ್ರಿ ಅಕ್ಕಾರ, ಸಾಕು."

ಶಾಂತಾ ಹೀಗೆ ಕೇಳಿದಾಗ ಕಾಫಿ ತರುತ್ತಿದ್ದ ರಶ್ಮಿತಾ ಬಾಗಿಲಲ್ಲೇ ನಿಂತಳು. ಪಾಮರ್ಸ್ಟನ್ ನಾರ್ತಿನ ಮೂಲೆಯೊಂದರಲ್ಲಿ ಇಲ್ಲಿನವರು ಡೈರಿ ಎಂದು ಕರೆಯುವ ಸಣ್ಣ ಅಂಗಡಿ ನಡೆಸುವ ಧಾರವಾಡದ ಈ ಹೆಂಗಸು ಹಾಲು, ಬ್ರೆಡ್ಡಿನ ಜೊತೆ ಊರ ಸುದ್ದಿಯನ್ನೂ ಪುಕ್ಕಟೆ ಕೊಡುವವಳು. ಅಂಥವಳು ಇವತ್ತು ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಪಿಸುಮಾತಾಡುತ್ತಿದ್ದಳು. ಅವಳಿಗೆ ಸ್ತನದ ಕ್ಯಾನ್ಸರ್ ಎಂಬುದು ಊರಿನ ಕನ್ನಡಿಗರಿಗೆಲ್ಲ ಗೊತ್ತಿದ್ದ ಸಂಗತಿ.

"ಮೊದಲಿಂದ ಹೇಳಿ," ಎಂದರು ಕಾತ್ಯಾಯಿನಿ. ಮೈಸೂರಿನಲ್ಲಿ ಓದಿ, ಇಲ್ಲಿನ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್ ಆಗಿದ್ದು ನಿವೃತ್ತರಾದವರು ಅವರು. ಗಂಟು ಬಿಡಿಸಲಾಗದ ಸಾವು ಬಂದಾಗ ಪೊಲೀಸರೂ ಅವರ ಬಾಗಿಲು ತಟ್ಟುವುದುಂಟು. ಅವರ ಮನೆಯಲ್ಲೇ ಬಾಡಿಗೆಗಿದ್ದ ನರ್ಸ್ ರಶ್ಮಿತಾ ಆಗೆಲ್ಲ ಅವರ ಬೈಗುಳ ತಿನ್ನುತ್ತ ಹಿಂದೆ ಹೋಗುತ್ತಿದ್ದಳು.

ಊರಿನ ಸಂಶೋಧನಾ ಕೇಂದ್ರದಲ್ಲಿ ಹೊಸ ಕ್ಯಾನ್ಸರ್ ಔಷಧದ ಪ್ರಯೋಗ ನಡೆದಿತ್ತು. ಶಾಂತಾ ರಕ್ತ ಕೊಟ್ಟು ಕಾದಳು. 'ನಿಮಗೆ ಇದು ಆಗಿಬರುವುದಿಲ್ಲ' ಎಂಬ ಉತ್ತರ ಬಂತು. ತಿಂಗಳುಗಳು ಕಳೆದ ಮೇಲೆ, ಹೋದ ಗುರುವಾರ, ಅಲ್ಲಿನ ಸಂಶೋಧಕಿ ಅನನ್ಯಾ ಫೋನ್ ಮಾಡಿ, ರಕ್ತದ ವಿಷಯ ಮಾತಾಡುವುದಿದೆ, ನಾಳೆ ಬನ್ನಿ ಎಂದಿದ್ದಳು. ಶುಕ್ರವಾರ ಬೆಳಿಗ್ಗೆ ಅನನ್ಯಾ ಕೇಂದ್ರದ ಕೋಲ್ಡ್ ರೂಮಿನಲ್ಲಿ ಹೆಣವಾಗಿ ಸಿಕ್ಕಳು.

"ಪೊಲೀಸರು ಅಪಘಾತ ಅಂತಾರ. ಇರಬಹುದು. ಆದ್ರ ಆ ಹುಡುಗಿ ಧ್ವನಿ ನಡಗತಿತ್ರೀ. ನನಗ ಬದುಕೋ ದಾರಿ ಐತೋ ಇಲ್ಲೋ ಅನ್ನೋದು ಆಕಿ ಬಾಯಾಗ ಉಳೀತು."

ಕಾತ್ಯಾಯಿನಿ ಕಾಫಿ ಮುಟ್ಟದೆ ಎದ್ದು ಕೋಟು ಹಾಕಿಕೊಂಡರು.

ಕೇಂದ್ರದ ಕಾರಿಡಾರಿನಲ್ಲಿ ಜಗಳ ನಡೆದಿತ್ತು. ಪೊಲೀಸರು ಅಂದೇ ಮರಳಿಸಿದ್ದ ರಕ್ತದ ಟ್ಯೂಬುಗಳನ್ನೆಲ್ಲ ಹಳದಿ ಕಸದ ಚೀಲಕ್ಕೆ ತುಂಬಿಕೊಂಡು ಲ್ಯಾಬ್ ಮ್ಯಾನೇಜರ್ ಅನಿಲ್ ನಿಂತಿದ್ದ. ಅನನ್ಯಾಳ ಸಹೋದ್ಯೋಗಿ ಅಶ್ವಿನ್ ಆ ಚೀಲಕ್ಕೆ ಕೈಹಾಕಿ ಎಳೆಯುತ್ತಿದ್ದ.

"ಎಸೀತೀರಾ? ಇನ್ನೊಂದು ಫ್ರೀಜರ್‌ಗೆ ಹಾಕಿ ಅಂದ್ನಲ್ಲ!"

"ರಾತ್ರಿಯಿಡೀ ಕರಗಿ ನಿಂತಿದ್ದ ಆರ್‌ಎನ್‌ಎ ಅದು. ನನ್ನ ಹಳೇ ಲ್ಯಾಬ್‌ನಲ್ಲಾಗಿದ್ರೆ ಆಗಲೇ ಎಸೀತಿದ್ವಿ. ಇನ್ನೇನು ಉಳಿದಿರುತ್ತೆ ಅದ್ರಲ್ಲಿ?"

"ಅದನ್ನ ಈ ಕಡೆ ಕೊಡಿ," ಎಂದು ಕಾತ್ಯಾಯಿನಿ ಚೀಲ ತೆಗೆದುಕೊಂಡು ರಶ್ಮಿತಾಳ ಕೈಗಿಟ್ಟರು. ಅನಿಲ್ ಹಿಡಿತ ಸಡಿಲಿಸಿದ. ಆ ಹಿರಿಯರಿಗೆ ಇಲ್ಲ ಎನ್ನುವುದು ಯಾರಿಂದಲೂ ಆಗುತ್ತಿರಲಿಲ್ಲ.

ತಂಡದ ಮುಖ್ಯಸ್ಥ ಡಾಕ್ಟರ್ ಹರ್ಷವರ್ಧನ್ ಪೊಲೀಸರ ಊಹೆಯನ್ನು ವಿವರಿಸಿದರು. ಗುರುವಾರ ಸಂಜೆ ಫ್ರೀಜರಿನ ಪ್ಲಗ್ ಕಳಚಿತ್ತು. ರೋಗಿಗಳ ರಕ್ತ ಕರಗುತ್ತಿರುವುದನ್ನು ಕಂಡ ಅನನ್ಯಾ ಗಾಬರಿಯಾಗಿ, ಟ್ಯೂಬುಗಳನ್ನು ಉಳಿಸಲು ಕೋಲ್ಡ್ ರೂಮಿಗೆ ಪೆಟ್ಟಿಗೆಗಟ್ಟಲೆ ಡ್ರೈ ಐಸ್ ಹೊತ್ತಿರಬೇಕು. ಡ್ರೈ ಐಸ್ ಎಂದರೆ ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್. ಮುಚ್ಚಿದ ಕೋಣೆಯಲ್ಲಿ ಅದು ಅನಿಲವಾಗಿ ಉಸಿರಾಡುವ ಗಾಳಿಯನ್ನೇ ನುಂಗಿಬಿಡುತ್ತದೆ.

ಕೋಲ್ಡ್ ರೂಮಿನ ಬಾಗಿಲಿಗೆ ಒಂದು ಚಿತ್ರ ಅಂಟಿಸಿತ್ತು: ಡ್ರೈ ಐಸ್ ಪೆಟ್ಟಿಗೆ, ಪಕ್ಕದಲ್ಲಿ ನಾಲಿಗೆ ಚಾಚಿ ಬಿದ್ದ ಒಂದು ಪೆಂಗ್ವಿನ್, ಮೇಲೆ ದೊಡ್ಡ ಕೆಂಪು ಅಡ್ಡಗೆರೆ.

"ಯಾರು ಬರೆದಿದ್ದು?"

"ಅನನ್ಯಾನೇ," ಎಂದ ಅಶ್ವಿನ್. ಅವನ ಕಣ್ಣುಗಳು ಕೆಂಪಾಗಿದ್ದವು. "ಹೊಸಬರು ಯಾರೇ ಬರಲಿ, ಈ ಬಾಗಿಲ ಮುಂದೆ ನಿಲ್ಲಿಸಿ ಪಾಠ ಮಾಡೋಳು."

ಒಳಗೆ ಹೋಗಿ ಬಾಗಿಲು ನೋಡಿದ್ದು ರಶ್ಮಿತಾ. ಅಕಸ್ಮಾತ್ ಒಳಗೆ ಸಿಕ್ಕಿಕೊಂಡವರು ಒತ್ತಿ ಹೊರಬರಲೆಂದು ಅಲ್ಲೊಂದು ಗುಂಡಿ ಇತ್ತು. ಅದರ ತಿರುಪುಗಳು ತುಕ್ಕು ಹಿಡಿದಿದ್ದವು, ಒಂದನ್ನು ಬಿಟ್ಟು. ಆ ಒಂದು ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. ಅವಳು ತೋರಿಸಿದಾಗ ಕಾತ್ಯಾಯಿನಿ ಹೂಂ ಎಂದರು ಅಷ್ಟೇ. ಅವರು ಬರೀ ಹೂಂ ಎಂದರೆ ಏನೋ ಸಿಕ್ಕಿದೆ ಎಂದು ರಶ್ಮಿತಾಳಿಗೆ ಗೊತ್ತಿತ್ತು.

"ಈ ಔಷಧ ಏನು ಮಾಡುತ್ತೆ? ನನ್ನ ಜೊತೆಗಿರೋ ಈ ಹುಡುಗಿಗೂ ಅರ್ಥವಾಗೋ ಹಾಗೆ ಹೇಳಿ."

ಅಶ್ವಿನ್ ಹೇಳಿದ. "ಮೈಕ್ರೋ ಆರ್‌ಎನ್‌ಎ ಅಂದ್ರೆ ಜೀನ್‌ಗಳನ್ನ ಅದುಮಿಡೋ ಪುಟ್ಟ ಪುಟ್ಟ ತುಣುಕುಗಳು. ಕೆಲವು ಕ್ಯಾನ್ಸರ್‌ಗೆ ಗೊಬ್ಬರ ಹಾಕ್ತವೆ, ಕೆಲವು ಬ್ರೇಕ್ ಹಾಕ್ತವೆ. ನಮ್ಮದು ಬ್ರೇಕ್. ಅದು ಇರೋವರೆಗೆ ಗೆಡ್ಡೆ ಇದ್ದಲ್ಲೇ ಇರುತ್ತೆ. ಅದು ಹೋಯ್ತೋ, ಕೋಶಗಳು ಕಿತ್ಕೊಂಡು ರಕ್ತಕ್ಕೆ ಇಳಿದು ಮೂಳೆಗೆ ಹೋಗಿ ಮನೆ ಮಾಡ್ತವೆ. ಬ್ರೇಕ್ ಸ್ವಲ್ಪ ಉಳಿದವರಿಗೆ ನಮ್ಮ ಔಷಧ ಅದನ್ನ ತುಂಬಿಕೊಡುತ್ತೆ. ಪೂರ್ತಿ ಸೊನ್ನೆ ಆದವರಿಗೆ ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ."

"ಶಾಂತಾ ರಕ್ತದಲ್ಲಿ?"

"ಸೊನ್ನೆ ಇತ್ತು."

ಜಗಳದ ಸುದ್ದಿಗಳೂ ಹೊರಬಿದ್ದವು. ಪ್ರಯೋಗವನ್ನು ನಿಲ್ಲಿಸಬೇಕೆಂದು ಅನನ್ಯಾ ಅದೇ ವಾರ ಹರ್ಷವರ್ಧನರ ಜೊತೆ ಬಾಗಿಲು ಹಾಕಿಕೊಂಡು ಕಿತ್ತಾಡಿದ್ದಳು. ಅವಳ ಹುದ್ದೆ ತನಗೆ ಸಿಗಬೇಕಿತ್ತು ಎಂದು ಅಶ್ವಿನ್ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಯಾರೂ ಕೇಳದಿದ್ದರೂ ಅನಿಲ್ ತಾನಾಗಿ ಹೇಳಿದ: "ಆಸ್ಪತ್ರೆಯಿಂದ ಬಂದ ರಕ್ತಾನ ಟ್ಯೂಬ್‌ಗೆ ತುಂಬಿ ಲೇಬಲ್ ಅಂಟಿಸೋದು, ಯಂತ್ರ ರಿಪೇರಿ, ಎಲ್ಲಾ ನಾನೇ ಆಂಟಿ. ನನ್ನ ಹೆಂಡತಿ ರಮಾನೂ ಇದೇ ಪ್ರಯೋಗದಲ್ಲಿದ್ದಾಳೆ. ಆ ಟ್ಯೂಬ್‌ಗಳು ಹಾಳಾದ್ರೆ ಎಲ್ಲರಿಗಿಂತ ಹೆಚ್ಚು ಹೊಟ್ಟೆ ಉರಿಯೋದು ನನಗೆ."

ದಾರಿಯಲ್ಲಿ ಕಾರು ಓಡಿಸುತ್ತ ರಶ್ಮಿತಾ, "ಪಾಪ ಅನಿಲ್ ಒಬ್ಬರನ್ನ ಬಿಡಬಹುದಲ್ವಾ ಆಂಟಿ?" ಎಂದಳು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರು ಇದ್ದಾರೆ. ಕಳ್ಳ ಅನ್ನೋಕೆ ಮುಂಚೇನೇ ಮುಟ್ಟಿಕೊಂಡೋರನ್ನ ಇವತ್ತೇ ನೋಡಿದ್ದು. ರಸ್ತೆ ನೋಡು."

ಆ ವಾರ ರಶ್ಮಿತಾ ಇಬ್ಬರ ರಕ್ತ ತೆಗೆದಳು, ಶಾಂತಾಳದು, ರಮಾಳದು. ಇನ್ನೊಮ್ಮೆ ಪರೀಕ್ಷಿಸಬೇಕಿದೆ, ಮನೆಯಲ್ಲೂ ಹೇಳಬೇಡಿ ಎಂದಾಗ ರಮಾ ಮರುಮಾತಿಲ್ಲದೆ ಒಪ್ಪಿ ತೋಳು ಚಾಚಿದಳು. ಆ ತೋಳು ಕಡ್ಡಿಯಾಗಿತ್ತು. ಹಳದಿ ಚೀಲ, ಹೊಸ ರಕ್ತ ಎರಡೂ ಬೇರೆ ಊರಿನ ಲ್ಯಾಬಿಗೆ ಹೋದವು.

ಫಲಿತಾಂಶ ಬಂದ ದಿನ ಕೇಂದ್ರದ ಟೀ ರೂಮಿನಲ್ಲಿ ಎಲ್ಲರೂ ಸೇರಿದರು. ಮೆರೆ ಎಂಬ ಪೊಲೀಸ್ ಅಧಿಕಾರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಶಾಂತಾ, ರಮಾ ಒಂದೇ ಸೋಫಾದಲ್ಲಿ ಕೂತಿದ್ದರು. ಅವರಿಬ್ಬರಿಗೂ ಪರಸ್ಪರ ಪರಿಚಯವೇ ಇರಲಿಲ್ಲ.

"ಅನನ್ಯಾ ಗಾಬರಿಯಾಗಿ ಸತ್ತಳು ಅನ್ನೋ ಕತೆಯಲ್ಲಿ ಎರಡು ತೂತಿವೆ," ಎಂದು ಕಾತ್ಯಾಯಿನಿ ಶುರುಮಾಡಿದರು. "ಮೊದಲನೇದು ಬಾಗಿಲ ಮೇಲಿನ ಪೆಂಗ್ವಿನ್. ಊರಿಗೆಲ್ಲ ಬುದ್ಧಿ ಹೇಳಿದೋಳು ತಾನೇ ಡ್ರೈ ಐಸ್ ಒಳಗೆ ಹೊರೋದಿಲ್ಲ. ಎರಡನೇದು, ಅವಳು ಗಾಬರಿಯಾಗೋ ಕಾರಣಾನೇ ಇರಲಿಲ್ಲ. ಹರ್ಷವರ್ಧನ್, ರಾತ್ರಿಯಿಡೀ ಕರಗಿ ನಿಂತ ರಕ್ತದಲ್ಲಿ ಮೈಕ್ರೋ ಆರ್‌ಎನ್‌ಎ ಕೆಡುತ್ತಾ?"

"ಇಲ್ಲ ಮೇಡಂ. ಉದ್ದದ ಆರ್‌ಎನ್‌ಎ ಆಗಿದ್ರೆ ಮುಗೀತಿತ್ತು. ಇವು ಕೊಬ್ಬು, ಪ್ರೋಟೀನಿನೊಳಗೆ ಬೆಚ್ಚಗೆ ಕೂತಿರ್ತವೆ. ಒಂದು ರಾತ್ರಿಗೆ ಅಷ್ಟೇನೂ ಆಗಲ್ಲ."

"ಅಂದ್ರೆ ಅನನ್ಯಾ ಪಕ್ಕದ ಫ್ರೀಜರ್‌ಗೆ ಹಾಕಿ ಮನೆಗೆ ಹೋಗ್ತಿದ್ಲು. ಅಶ್ವಿನ್ ಹೇಳಿದ್ದೂ ಅದನ್ನೇ. ಈ ಗಾಬರಿ ನಾಟಕ ಬರೆದೋರಿಗೆ ಆ ವಿಷಯ ಗೊತ್ತಿರಲಿಲ್ಲ. ಹಳೇ ಲ್ಯಾಬ್‌ನಲ್ಲಿ ಉದ್ದದ ಆರ್‌ಎನ್‌ಎ ಜೊತೆ ಏಗಿ, ಐಸ್‌ನಿಂದ ತೆಗೆದ್ರೆ ಕೆಡ್ತು ಅನ್ನೋ ಪಾಠ ರಕ್ತಕ್ಕಿಳಿದೋರು. ಕೆಟ್ಟಿದೆ ಅಂತ ನಂಬಿ ಎಸೆಯೋಕೆ ಹೊರಟಿದ್ದೋರು ಇಲ್ಲಿ ಒಬ್ಬರೇ. ಅವಳು ಹೊರಬರೋಕೆ ಆಗದ ಹಾಗೆ ಒಳಗಿನ ಗುಂಡಿ ಬಿಚ್ಚಿ, ಆಮೇಲೆ ಹೊಸ ತಿರುಪು ಹಾಕಿ ಕೂರಿಸಬಲ್ಲೋರೂ ಅವರೇ."

ಯಾರೂ ಅನಿಲನ ಕಡೆ ತಿರುಗಬೇಕಾಗಲಿಲ್ಲ. ರಮಾ ಆಗಲೇ ನೋಡುತ್ತಿದ್ದಳು.

"ಶಾಂತಾ ಹೆಸರಿನ ಹಳೇ ಟ್ಯೂಬ್‌ನಲ್ಲಿ ಇರೋದು ರಮಾ ಡಿಎನ್‌ಎ. ರಮಾ ಹೆಸರಿನದರಲ್ಲಿ ಶಾಂತಾದು. ಲೇಬಲ್ ಅಂಟಿಸೋವಾಗ ಅದಲುಬದಲಾಗಿದೆ. ಬ್ರೇಕ್ ಉಳಿದಿದ್ದು ಶಾಂತಾಗೆ. ಸೊನ್ನೆ ಆಗಿದ್ದು ರಮಾಗೆ. ರಮಾ ಆಮೇಲೆ ಕೊಟ್ಟ ರಕ್ತ ಮೊದಲಿನದಕ್ಕೆ ತಾಳೆಯಾಗದೆ ಹೋದಾಗ ಅನನ್ಯಾಗೆ ಅನುಮಾನ ಬಂತು. ಪ್ರಯೋಗ ನಿಲ್ಲಿಸಿ ಅಂದ್ಲು. ಲೇಬಲ್ ತಪ್ಪಿರಬಹುದಾ ಅಂತ ಒಳ್ಳೇ ಮನಸ್ಸಿಂದ ಕೇಳಿದ್ದು ಮಾತ್ರ ಅನಿಲನ್ನ. ಅನಿಲ್, ಫ್ರೀಜರ್ ಪ್ಲಗ್ ಕಿತ್ತು, ಕೋಲ್ಡ್ ರೂಮ್‌ಗೆ ಡ್ರೈ ಐಸ್ ತುಂಬಿ, ಕರಗಿದ ಟ್ಯೂಬ್‌ಗಳನ್ನ ಅಲ್ಲಿಟ್ಟಿದ್ದೀನಿ, ಬಂದು ನೋಡು ಅಂತ ಕರೆದ್ಯಾ, ಅಥವಾ ಬೇರೆ ನೆಪ ಹೇಳಿದ್ಯಾ?"

"ಅದನ್ನೇ," ಎಂದ ಅನಿಲ್. ಅವನ ಧ್ವನಿ ಬತ್ತಿಹೋಗಿತ್ತು. "ಲೇಬಲ್ ಅಂಟಿಸೋ ಮುಂಚೆ ಎಲ್ಲರ ರಕ್ತಾನೂ ನಾನೇ ಗುಟ್ಟಾಗಿ ಪರೀಕ್ಷೆ ಮಾಡಿದ್ದೆ. ಶಾಂತಾದರಲ್ಲಿ ಬ್ರೇಕ್ ಇತ್ತು, ರಮಾದರಲ್ಲಿ ಸೊನ್ನೆ ಇತ್ತು. ಸುಮ್ನೆ ಹೇಗಿರಲಿ ಆಂಟಿ? ನನ್ನ ಹೆಂಡತಿ ಅವಳು. ಔಷಧ ಒಂದು ಸಿಕ್ರೆ ಬದುಕ್ತಾಳೆ ಅಂದ್ಕೊಂಡೆ."

"ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ," ಎಂದ ಅಶ್ವಿನ್, ಗೋಡೆ ನೋಡುತ್ತ.

ರಮಾ ನಿಧಾನವಾಗಿ ಎದ್ದಳು. "ಇನ್ನೊಬ್ಬಳ ಪಾಲಿನದನ್ನ ನನಗೆ ಕೊಡಿಸೋ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರಾ?" ಅನಿಲ್ ತಲೆ ತಗ್ಗಿಸಿದ. "ಆ ಹುಡುಗಿ ನಮ್ಮ ಮನೆಗೆ ಊಟಕ್ಕೆ ಬಂದಿದ್ಲು ಕಣ್ರೀ. ನಾನೇ ಬಡಿಸಿದ್ದೆ." ಮತ್ತೆ ಶಾಂತಾಳ ಪಕ್ಕ ಕೂತಳು. ಮೆರೆ ಅನಿಲನ ತೋಳು ಹಿಡಿದು ಹೊರಗೆ ಕರೆದೊಯ್ದಳು.

ರಶ್ಮಿತಾಳಿಗೆ ಆ ಮನುಷ್ಯನನ್ನು ಮನಸಾರೆ ದ್ವೇಷಿಸಬೇಕೆಂದುಕೊಂಡರೂ ಪೂರ್ತಿ ಆಗದೆ, ತನ್ನ ಮೇಲೇ ಸಿಟ್ಟು ಬಂತು.

"ಆಕಿ ಹೇಳಬೇಕಂತಿದ್ದದ್ದು ಇದನ್ನ ಏನ್ರೀ?" ಎಂದಳು ಶಾಂತಾ. "ನನಗ ದಾರಿ ಇತ್ತು ಅಂತ."

"ಹೌದು."

"ಈಗ?"

ಹರ್ಷವರ್ಧನ್ ಅವಳ ಕಣ್ಣು ತಪ್ಪಿಸಲಿಲ್ಲ. "ಕಡಿಮೆ ಆಗಿದೆ. ಆವತ್ತೇ ಶುರುಮಾಡಿದ್ರೆ ಬೇರೆ ಮಾತು. ಆದರೆ ಸೊನ್ನೆ ಅಲ್ಲ. ಇನ್ನೂ ಅಲ್ಲ. ನಿಮ್ಮನ್ನ ಪ್ರಯೋಗಕ್ಕೆ ಸೇರಿಸೋಕೆ ಅನುಮತಿ ಕೇಳಿದ್ದೀನಿ, ಭರವಸೆ ಕೊಡಲಾರೆ."

ಅನುಮತಿ ಬಂತು. ಶಾಂತಾಳನ್ನು ಆಸ್ಪತ್ರೆಗೆ ಕರೆತಂದದ್ದು ರಮಾ. ಬೇಡವೆಂದರೂ ಕೇಳದೆ ತಾನೇ ಕಾರು ತಂದಿದ್ದಳು. ಔಷಧ ಹಾಕಿಸಿಕೊಳ್ಳುವವರ ಸಾಲು ಕುರ್ಚಿಗಳಲ್ಲಿ ಕಿಟಕಿ ಪಕ್ಕದ್ದನ್ನು ತೋರಿಸಿ, "ಅದರಲ್ಲಿ ಕೂತ್ಕೊಳ್ಳಿ ಶಾಂತಕ್ಕ. ಇಷ್ಟು ದಿನ ನಾನು ಕೂತಿದ್ದೆ. ಅದು ನಿಮ್ಮದು," ಎಂದಳು.

ಶಾಂತಾ ಅವಳ ಕೈ ಬಿಡದೆ ಕೂತಳು. ರಶ್ಮಿತಾ ಟ್ಯೂಬು, ಲೇಬಲ್ಲು ಎರಡನ್ನೂ ಅವಳ ಕಣ್ಣೆದುರೇ ಇಟ್ಟು, ದಿನಾ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ನಿಮ್ಮ ಪೂರ್ತಿ ಹೆಸರು ನೀವೇ ಹೇಳಿ."

ಶಾಂತಾ ಟೋಪಿ ಸರಿಮಾಡಿಕೊಂಡು, ಇಡೀ ವಾರ್ಡು ತಿರುಗಿ ನೋಡುವಂತೆ, ಡೈರಿಯ ಕೌಂಟರಿನ ಹಿಂದೆ ನಿಂತಾಗಿನ ಆ ಹಳೆಯ ದೊಡ್ಡ ಗಂಟಲಿನಲ್ಲಿ ತನ್ನ ಹೆಸರು ಹೇಳಿದಳು. "ಬರಕೊಂಡ್ಯಾ? ಇನ್ನೊಮ್ಮೆ ಓದು," ಎಂದಳು. ರಶ್ಮಿತಾ ಓದಿದಳು.