ಗಿಲ್ಬಿ ಬೀದಿಯ ಬೆಂಚು ಎಲ್ಲಿ?

"ಬೆಂಚು ಕಾಣ್ತಿಲ್ಲ, ವಿನ್ನಿ ಆಂಟಿ!" ಸೀನಾ ಏದುಸಿರು ಬಿಡುತ್ತ ಬಂದಳು. "ಹತ್ತು ಗಂಟೆಗೆ ಕೌನ್ಸಿಲ್‌ನವರು ಬರ್ತಾರೆ. ಇದನ್ನ ನೋಡಿದ್ರೆ ನಡೆಯೋರ ಜಾಗ ಮತ್ತೆ ಕಾರುಗಳ ಪಾಲೇ!"

ವೆಲಿಂಗ್ಟನ್ನಿನ ಗಿಲ್ಬಿ ಬೀದಿಯಲ್ಲಿ ಕಾರು ನಿಲ್ಲುತ್ತಿದ್ದ ಕಡೆ ಹೂಕುಂಡ, ಬೆಂಚು ಇಡಿಸಿ ಎರಡು ತಿಂಗಳ ಪ್ರಯೋಗ ನಡೆಸುತ್ತಿದ್ದವಳು ಸೀನಾಳೇ. ನಗರ ಕೌನ್ಸಿಲ್‌ನಲ್ಲಿ ಅವಳ ಮೊದಲ ಕೆಲಸವದು; ಅದು ಮುಂದುವರಿಯಬೇಕೋ ಬೇಡವೋ ಎಂದು ಇವತ್ತೇ ತೀರ್ಮಾನ. ವಿನ್ನಿ ಪಾಸ್ಕೋ ಮೂವತ್ತು ವರ್ಷ ಶಾಲೆ ಮುಂದೆ ಮಕ್ಕಳನ್ನು ರಸ್ತೆ ದಾಟಿಸಿದ ಹೆಂಗಸು. ಬೀದಿಯಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ಬಡಿಯುತ್ತಿದ್ದರು. ಅವಳ ಬೆನ್ನಿಗೆ ನಿವೃತ್ತ ಬಸ್ ಚಾಲಕ ಡೆಸ್ ಇದ್ದೇ ಇರುತ್ತಿದ್ದ.

ಬೆಂಚಿದ್ದಲ್ಲಿ ನಾಲ್ಕು ತೂತು ಮಾತ್ರ ಉಳಿದಿದ್ದವು. ಬೋಲ್ಟು ಒಂದೂ ಬಿದ್ದಿರಲಿಲ್ಲ. ಹೂಕುಂಡದಿಂದ ಚೆಲ್ಲಿದ ಮಣ್ಣಿನಲ್ಲಿ ತಳ್ಳುಗಾಡಿಯ ಚಕ್ರದ ಗುರುತು ಗುಡ್ಡದ ಕಡೆ ಏರಿತ್ತು.

"ಮಾಂಸದಂಗಡಿ ಫೋಟಿಸ್‌ದೇ ಕೆಲಸ," ಎಂದ ಡೆಸ್. ಅವನಿಗೆ ಅನುಮಾನ ಬರುವುದು ಎಂದೂ ತಡವಲ್ಲ. "'ಕಾರು ನಿಲ್ಸೋಕೆ ಜಾಗ ಇಲ್ದೆ ನಮ್ಮಮ್ಮ ಅಂಗಡಿಗೆ ಬರೋದೇ ನಿಂತೋಯ್ತು' ಅಂತ ನಿನ್ನೆ ಕೂಗಾಡ್ತಿದ್ದ."

ಮೂವರೂ ಹೋದಾಗ ಅಂಗಡಿಯಲ್ಲಿ ಫೋಟಿಸ್‌ನ ತಾಯಿ, ಮುದುಕಿ ಅಸ್ಪಾಸಿಯಾ, ಕಾಫಿ ಹೀರುತ್ತ ಮಗನನ್ನು ಗದರುತ್ತಿದ್ದಳು. "ಮಾಂಸ ಹೀಗಾ ಕತ್ತರಿಸೋದು? ನಿಮ್ಮಪ್ಪ ಇದ್ದಿದ್ರೆ ಕಿವಿ ಹಿಂಡ್ತಿದ್ದ!"

"ಹೇಗೆ ಬಂದ್ರಿ ಅಮ್ಮಾ?" ಎಂದಳು ವಿನ್ನಿ.

"ನಡ್ಕೊಂಡೇ!"

ವಿನ್ನಿ ನಕ್ಕು, ಎಲ್ಲರನ್ನೂ ಅಲ್ಲೇ ನಿಲ್ಲಿಸಿಕೊಂಡಳು. "ಡೆಸ್, ನೀನಂದ ಆಳು ಸರಿ, ಕಾರಣ ತಪ್ಪು. ಹಾಳು ಮಾಡೋನು ಬೋಲ್ಟು ಜೋಪಾನ ಮಾಡಲ್ಲ, ಇನ್ನೊಂದು ಕಡೆ ಕೂರಿಸೋನು ಮಾಡ್ತಾನೆ. ಕದಿಯೋನು ಅಷ್ಟು ಭಾರಾನ ಏರಿನ ಮೇಲೆ ತಳ್ಳಲ್ಲ. ಏರಲ್ಲಿ ಬೆಂಚು ಯಾರಿಗೆ ಬೇಕು? ಅಸ್ಪಾಸಿಯಾಗೆ ಗುಡ್ಡದ ಮೇಲಿನ ಮನೆಯಿಂದ ಇಳಿಯೋದು ಕಷ್ಟ ಅಲ್ಲ, ವಾಪಸ್ ಹತ್ತೋದೇ ಭಯ. ಇವತ್ತು ಧೈರ್ಯವಾಗಿ ಬಂದಿದಾರೆ ಅಂದ್ರೆ, ನಡುವೆ ಕೂರೋಕೆ ಜಾಗ ಇದೆ ಅಂತ ಅವರಿಗೆ ಗೊತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಫೋಟಿಸ್ ಚಾಕು ಕೆಳಗಿಟ್ಟ. "ಹೌದು, ಏರಿನ ನಡುವೆ ನಾನೇ ಕೂರಿಸ್ದೆ. ಕೇಳಿದ್ರೆ ಕೌನ್ಸಿಲ್‌ನವರು ಅರ್ಜಿ ಹಾಕು ಅಂತಿದ್ರಿ. ಅಷ್ಟರಲ್ಲಿ ಅಮ್ಮ ಮನೇಲೇ ಮುದುಡಿ ಹೋಗೋಳು."

"ನನ್ನ ಹೊಟ್ಟೆ ಮೇಲೆ ಹೊಡೀತಿದ್ರಲ್ಲ ಮಾರಾಯ್ರೇ!" ಎಂದು ಸೀನಾ ಸಿಡಿದಳು. ಆಮೇಲೆ ಅವಳ ದನಿ ಇಳಿಯಿತು. "ಅಂಗಡಿ ಮುಂದೆ ಚೆಂದ ಕಾಣುತ್ತೆ ಅಂತ ಇಟ್ಟೆ. ಏರು ಹತ್ತೋರನ್ನ ನೆನೆಸ್ಕೊಳ್ಳೇ ಇಲ್ಲ."

ಹತ್ತು ಗಂಟೆಗೆ ಅವಳು ಕೌನ್ಸಿಲ್‌ನವರನ್ನು ಏರಿನ ಮೇಲೆ ನಡೆಸಿಕೊಂಡು ಹೋದಳು. ಕಾರುಗಳ ಪರ ವಾದಿಸುತ್ತಿದ್ದ ದಢೂತಿ ಅಧ್ಯಕ್ಷ ಅರ್ಧ ದಾರಿಗೇ ಸುಸ್ತಾಗಿ, ಮನೆಗೆ ಹೊರಟು ಬೆಂಚಿನ ಮೇಲೆ ಕೂತಿದ್ದ ಅಸ್ಪಾಸಿಯಾಳ ಪಕ್ಕ ಧೊಪ್ಪನೆ ಕೂತ. ಉಸಿರು ಸರಿಹೋಗಲು ಐದು ನಿಮಿಷ ಹಿಡಿಯಿತು.

"ಬೀದಿ ನಡೆಯೋರಿಗೇ ಇರ್ಲಿ," ಎಂದ ಕೊನೆಗೆ ಸೀನಾಗೆ. "ಆದ್ರೆ ಇದೊಂದು ಎಲ್ಲಿ ಸಾಕಾಗುತ್ತೆ ತಾಯಿ? ಮೇಲ್ಗಡೆ ಇನ್ನೊಂದು ಹಾಕ್ಸು."