ನಾಯಿಮರಿಯ ಕಣ್ಣಲ್ಲೊಂದು ಗುಳ್ಳೆ

"ಏನ್ರೀ ಇದು! ನನ್ನ ಕಾರಿಗೆ ಸಿಡುಬು ಎದ್ದಿದ್ಯಾ?"

ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹೀಗೆ ಕೇಳಿದವನು ಪ್ರಾಣಿಗಳ ಡಾಕ್ಟರು. ಸ್ಟಿಕ್ಕರ್ ಅಂಗಡಿಯ ಹುಡುಗಿ ಹೊರಗೋಡಿ ಬಂದಳು.

ಬಿಳಿ ಬಾಗಿಲಿನ ಮೇಲೆ ನಿನ್ನೆ ಅವಳೇ ಅಂಟಿಸಿದ್ದ ಹಸಿರು ನಾಯಿಮರಿ. ಅದರ ಮೈತುಂಬ ಗಾಳಿಗುಳ್ಳೆಗಳು! ಒಂದಂತೂ ಸರಿಯಾಗಿ ಕಣ್ಣಿನ ಮೇಲೆಯೇ ಉಬ್ಬಿ ಕೂತಿತ್ತು.

"ಸಂಜೆ ನನ್ನ ಸಂಚಾರಿ ಆಸ್ಪತ್ರೆ ಶುರು ಕಣ್ರೀ..."

"ಸರಿ ಮಾಡ್ಕೊಡ್ತೀನಿ ಡಾಕ್ಟ್ರೇ. ಸ್ವಲ್ಪ ಹೊತ್ತು ಕೊಡಿ."

ತಪ್ಪು ಹೇಗಾಯಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂಟಿಸುವಾಗ ಅವನು ಪಕ್ಕದಲ್ಲೇ ನಿಂತಿದ್ದ. ಕೈ ಬಾಗಿಲ ಮೇಲಿತ್ತು, ಮನಸ್ಸು ಇನ್ನೆಲ್ಲೋ! ಚಿತ್ರ ತಿದ್ದಿಸಲೆಂದು ಅವನು ಬಂದು ಹೋಗತೊಡಗಿದಾಗಿನಿಂದ ಅವಳ ಪಾಡು ಇದೇ.

ಅಪ್ಪನಿಗೆ ಈಗ ಕೈನಡುಕ. "ಈ ಕಾರು ನೀನೊಬ್ಬಳೇ ಮಾಡಿ ತೋರಿಸಮ್ಮ. ಆಗಲಿಲ್ಲ ಅಂದ್ರೆ ಅಂಗಡಿ ಬೇರೆಯವರಿಗೆ ಬಿಟ್ಟುಕೊಡೋಣ" ಎಂದಿದ್ದರು.

ಅವಳು ಹೇರ್ ಡ್ರೈಯರ್ ಹಿಡಿದು ಸ್ಟಿಕ್ಕರ್ ಹಾಳೆಯನ್ನು ಮೆತ್ತಗಾಗುವಷ್ಟು ಬಿಸಿ ಮಾಡಿದಳು. ಗುಳ್ಳೆಯ ಅಂಚಿಗೆ ಸೂಜಿಯನ್ನು ಓರೆಯಾಗಿ ಚುಚ್ಚಿ, ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಕಾರ್ಡಿನಿಂದ ಗಾಳಿಯನ್ನು ಆ ತೂತಿನ ಕಡೆಗೆ ಒತ್ತಿದಳು. ಒಂದು ಅಡಗಿತು... ಇನ್ನೊಂದು...

ಅವಳ ಬೆನ್ನ ಹಿಂದೆ ಅವನು ಫೋನಿನಲ್ಲಿ ಮಾತಾಡುತ್ತಿದ್ದ. "ಹೂಂ ಅಮ್ಮ... ಇವತ್ತೇ ಕೊನೆ. ಇನ್ಮೇಲೆ ಈ ಅಂಗಡಿಗೆ ಬರೋ ಹಾಗಿಲ್ಲ."

ಅವಳ ಕಣ್ಣು ಮಂಜಾಯಿತು. 'ಅಷ್ಟೊಂದು ಬೇಜಾರಾಗಿದ್ಯಾ ನನ್ನ ಮೇಲೆ?'

ಫೋನಿಟ್ಟವನು ನೇರ ಒಳಗೆ, ಅಪ್ಪನ ಬಳಿಗೆ ಹೋದ. ಪಿಸುಪಿಸು ಮಾತು... 'ದೂರು ಹೇಳ್ತಿದ್ದಾನೆ! ಮುಗೀತು ಅಂಗಡಿ ಕಥೆ!'

ಉಳಿದದ್ದು ಕಣ್ಣಿನ ಗುಳ್ಳೆಯೊಂದೇ. ಸ್ವಲ್ಪ ಜೋರಾದರೆ ಹಾಳೆ ಹರಿಯುತ್ತದೆ. ಉಸಿರು ಬಿಗಿಹಿಡಿದು ಚುಚ್ಚಿ, ಹೆಬ್ಬೆರಳಿನಿಂದ ಮೆಲ್ಲನೆ ಸವರಿದಳು.

ಕಣ್ಣು ನುಣುಪಾಯಿತು!

ಅವನು ಹೊರಬಂದಾಗ ಅವಳು ಮುಖ ತಿರುಗಿಸಿಯೇ ಹೇಳಿದಳು. "ಆಯ್ತು. ಇನ್ನು ನೀವು ಇಲ್ಲಿಗೆ ಬರೋ ಕಷ್ಟ ಇಲ್ಲ."

"ಅದೇ ಅಲ್ವಾ ನನ್ನ ಭಯ!"

"ಏನು?"

"ಕೆಲಸ ಮುಗಿದ್ರೆ ಬರೋಕೆ ನೆಪ ಎಲ್ಲಿರುತ್ತೆ? ನಾಯಿಮರಿ ಬಾಲ ಉದ್ದ ಮಾಡಿ, ಗಿಡ್ಡ ಮಾಡಿ, ಮತ್ತೆ ಉದ್ದ ಮಾಡಿ ಅಂತ ಯಾಕೆ ಪೀಡಿಸಿದೆ ಅಂದ್ಕೊಂಡ್ರಿ? ಅಮ್ಮನ ಹತ್ರಾನೂ ಅದನ್ನೇ ಗೋಳಾಡಿದ್ದು. 'ಬಾಯಿ ಬಿಟ್ಟು ಕೇಳೋ ದಡ್ಡ' ಅಂತ ಬೈದ್ರು."

ಅವಳ ಕೈಯಿಂದ ಕಾರ್ಡು ಜಾರಿತು. "ಹಾಗಾದ್ರೆ ಒಳಗೆ... ಅಪ್ಪನ ಹತ್ರ..."

"ನಿಮ್ಮ ಮಗಳನ್ನ ಮದುವೆ ಆಗಬೇಕು ಅಂತಿದೀನಿ ಅಂದೆ."

ಅಷ್ಟರಲ್ಲಿ ಅಪ್ಪ ಬಂದು, ಯಾರನ್ನೂ ನೋಡದೆ ಬಾಗಿಲ ಮೇಲೆ ನಡುಗುವ ಅಂಗೈ ಆಡಿಸಿದರು. ಎಲ್ಲೂ ಒಂದು ಗುಳ್ಳೆಯೂ ಕೈಗೆ ತಾಕಲಿಲ್ಲ. "ಅಂಗಡಿ ಇನ್ನು ನಿಂದೇ ಮಗಳೇ" ಎಂದು ಒಳಗೆ ಹೋದರು.

ಕೆನ್ನೆಯ ಮೇಲೆ ಇಳಿದ ನೀರನ್ನು ಒರೆಸಿಕೊಳ್ಳುವುದೂ ಅವಳಿಗೆ ಮರೆತುಹೋಯಿತು.

"ಅಪ್ಪ... ನಿಮಗೇನಂದ್ರು?"

"ಅವಳನ್ನೇ ಕೇಳಿ ಅಂದ್ರು."

"ಮತ್ತೆ... ಕೇಳಿ!"