ಹಾಲವ್ವನ ಎರಕದ ಪೆಟ್ಟಿಗೆ

ಬಹಳ ಹಿಂದೆ, ಮೋಡಗಳು ಮನೆಯ ಮಾಡಿಗೆ ಬೆನ್ನು ಉಜ್ಜಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ತೂಗುಪುರವೆಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಹಾಲವ್ವ ಎಂಬ ಹೆಂಗಸಿದ್ದಳು. ಗಂಡ ಓಬಣ್ಣ ಚಾಪೆ ಹೆಣೆಯುತ್ತಿದ್ದ. ಮಗಳು ಪಾರಿಗೆ ನಾಲ್ಕು ವರ್ಷ. ಹಾಲವ್ವನಿಗೆ ಒಂದು ಹುಚ್ಚು. ಮನೆಗೆಲಸ ಮುಗಿದ ಮೇಲೆ ಹಿತ್ತಿಲಲ್ಲಿ ಪುಟ್ಟ ಕುಲುಮೆ ಊದಿ, ಒಡೆದ ಹಿತ್ತಾಳೆ ಚೊಂಬು ಕರಗಿಸಿ, ಗಿಳಿ, ಆನೆ, ಸೌಟು ಅಂತ ಏನಾದರೂ ಎರಕ ಹೊಯ್ಯುತ್ತಿದ್ದಳು.

"ಹೆಂಗಸಿಗೆ ಯಾಕಮ್ಮಾ ಈ ಕೆಲಸ?" ಎಂದು ಪಕ್ಕದ ಮನೆಯ ಸಾಕಮ್ಮ ಕೇಳಿದರೆ, "ನಿಮ್ಮ ಬಾಯಿಗೊಂದು ಮುಚ್ಚಳ ಮಾಡೋಣ ಅಂತ, ಅತ್ತೆ. ಅಳತೆಯೇ ಸಿಗ್ತಿಲ್ಲ" ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಊರ ಮೇಲೆ ಹಾಲಿನಂಥ ಮಂಜು ಇಳಿಯಿತು. ಮಂಜಿನ ಜೊತೆ ಜೊಂಪಯ್ಯನೆಂಬ ಮಾಂತ್ರಿಕ ಬಂದ. ಮಕ್ಕಳ ಕನಸೇ ಅವನ ಊಟ. ಹೆಗಲಿಗೆ ಚೀಲ ಹಾಕಿಕೊಂಡು, ಮೆಲ್ಲಗೆ ಗುನುಗುತ್ತಾ ಬೀದಿಬೀದಿ ನಡೆದ. ಮಕ್ಕಳು ಆಡುತ್ತಿದ್ದಲ್ಲೇ ಮಲಗಿದರು. ಪಾರಿ ಕೈಯಲ್ಲಿ ರೊಟ್ಟಿ ಚೂರು ಹಿಡಿದುಕೊಂಡೇ ಮಲಗಿದಳು. ಕರೆದರೂ ಏಳಲಿಲ್ಲ, ನೀರು ಚಿಮುಕಿಸಿದರೂ ಏಳಲಿಲ್ಲ, ಎತ್ತಿ ನಿಲ್ಲಿಸಿದರೂ ಏಳಲಿಲ್ಲ.

ಹಾಲವ್ವ ಕೆರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ನೀರೊಳಗಿಂದ ಒಂದು ಮುದಿ ಆಮೆ ಮೇಲೆ ಬಂತು. ಅದರ ಬೆನ್ನ ಮೇಲೆ ಮೂರು ಬಿಳಿ ಗಟ್ಟಿಗಳಿದ್ದವು.

"ಇದು ಕೆರೆಯ ತಳದಲ್ಲಿ ಹೆಪ್ಪುಗಟ್ಟಿದ ಬೆಳದಿಂಗಳು," ಎಂದಿತು ಆಮೆ. "ಇದರಿಂದ ಒಂದು ಗಂಟೆ ಮಾಡಿ ಬಾರಿಸು, ಮಕ್ಕಳು ಏಳುತ್ತಾರೆ. ನಾಲ್ಕನೇ ಸೂರ್ಯ ಹುಟ್ಟುವುದರೊಳಗೆ ಆಗದಿದ್ದರೆ ಅವರೂ ಮಂಜಾಗಿ ಹೋಗುತ್ತಾರೆ. ದಿನಕ್ಕೆ ಒಂದೇ ಗಟ್ಟಿ ಕರಗುತ್ತೆ, ಅದೂ ನಡುಮಧ್ಯಾಹ್ನದಲ್ಲಿ."

"ಅರಮನೆಯಲ್ಲಿ ಅಷ್ಟೊಂದು ಎರಕದವರಿದ್ದಾರಲ್ಲ ಅಜ್ಜಾ, ನಾನೇ ಯಾಕೆ?"

"ಅವರು ಆನೆಗಾತ್ರದ ಗಂಟೆ ಮಾಡುತ್ತಾರೆ. ಆ ಸದ್ದಿಗೆ ಮಕ್ಕಳು ನಿದ್ದೆಯಲ್ಲಿ ಇನ್ನಷ್ಟು ಮುದುಡುತ್ತಾರೆ. ಅಂಗೈಯಲ್ಲಿ ಹಿಡಿಯುವ ಗಂಟೆ ಬೇಕು, ಮಗಳೇ. ಅದು ಮನೆಯ ಹಿತ್ತಿಲಲ್ಲೇ ಆಗಬೇಕು."

ಮೊದಲನೆಯ ದಿನ ಹಾಲವ್ವ ತನ್ನ ಹಳೆಯ ಪೆಟ್ಟಿಗೆ ತೆಗೆದಳು. ಪೆಟ್ಟಿಗೆ ಅಂದರೆ ತಳವೂ ಮುಚ್ಚಳವೂ ಇಲ್ಲದ ಎರಡು ಮರದ ಚೌಕಟ್ಟು, ಒಂದರ ಮೇಲೊಂದು. ಅಚ್ಚಿಗೆಂದು ಎರಡು ಹೋಳಾಗಿ ಕೆತ್ತಿದ ಮರದ ಗಂಟೆಯ ಒಂದು ಹೋಳನ್ನು ಕೆಳಗಿನದರಲ್ಲಿ, ಇನ್ನೊಂದು ಹೋಳನ್ನು ಮೇಲಿನದರಲ್ಲಿ ಇಟ್ಟು, ಒದ್ದೆ ಮರಳು ತುಂಬಿ ಗುದ್ದಿ, ಬಿಡಿಸಿ, ಹೋಳುಗಳನ್ನು ತೆಗೆದಳು. ಗಂಟೆಯ ಟೊಳ್ಳಿಗೆಂದು ನಡುವೆ ಸುಟ್ಟ ಮಣ್ಣಿನ ಉಂಡೆ ಇಟ್ಟು ಚೌಕಟ್ಟುಗಳನ್ನು ಮತ್ತೆ ಮುಚ್ಚಿದಳು. ಕರಗಿದ ಬೆಳದಿಂಗಳನ್ನು ಹೊಯ್ದಳು.

ಬೆಳದಿಂಗಳಿಗೆ ಆಕಾಶದ ನೆನಪಾಯಿತು. ಅದು ಒಳಗಿಂದ ಒದ್ದಿತು. ತೆಳು ಹಲಗೆಗೆ ಹೊಡೆದಿದ್ದ ಮೊಳೆಗಳು ಪಟಪಟನೆ ಕಿತ್ತು ನಾಲ್ಕೂ ಮೂಲೆ ಬಾಯಿಬಿಟ್ಟವು. ಲೋಹವೆಲ್ಲ ಬೆಳ್ಳಕ್ಕಿಗಳಾಗಿ ಹಾರಿಹೋಯಿತು.

"ಸೌಟು ಮಾಡುವ ಪೆಟ್ಟಿಗೆ ಕಣೇ ಇದು. ಆಕಾಶವನ್ನು ಹಿಡಿಯುತ್ತಾ?" ಎಂದ ಓಬಣ್ಣ.

"ಹಿಡಿಯುವಂಥದ್ದೇ ಮಾಡ್ತೀನಿ. ಬಾಗಿಲ ಪಕ್ಕದ ಹೊನ್ನೆ ಹಲಗೆ ತನ್ನಿ."

"ನನ್ನ ಮಂಚಕ್ಕೆಂದು ಇಟ್ಟದ್ದು ಅದು!"

"ಮಗಳು ಎದ್ದ ಮೇಲೆ ಮಲಗೋಕೆ ಎಲ್ಲಿ ಪುರುಸೊತ್ತು? ತನ್ನಿ."

ಎರಡನೆಯ ದಿನ ಹೊಸ ಪೆಟ್ಟಿಗೆ ಸಿದ್ಧವಾಯಿತು. ಎರಡು ಬೆರಳು ದಪ್ಪದ ಹಲಗೆ. ಮೂಲೆಗಳಲ್ಲಿ ಮೊಳೆಯಿಲ್ಲ, ಎರಡೂ ಕೈಯ ಬೆರಳು ಹೆಣೆದಂತೆ ಒಂದರೊಳಗೊಂದು ಕೂತ ಕಚ್ಚು. ಮರಳು ಜಾರದಿರಲೆಂದು ಒಳಗೋಡೆಗೆ ಗೀರು. ಎರಡು ಚೌಕಟ್ಟು ಅಲುಗದಿರಲೆಂದು ಆಚೆಗೊಂದು ಈಚೆಗೊಂದು ಒಂದೇ ದಪ್ಪದ ಗೂಟ, ಅವು ಇಳಿಯಲು ತೂತು. ಬಿಗಿಯಲು ಅಗುಳಿ.

ಮುಚ್ಚುವ ಹೊತ್ತಿಗೆ ಜೊಂಪಯ್ಯನ ಮಂಜಿನ ಬೆಕ್ಕು ಬಂತು. ಹಾಲವ್ವನ ಕಾಲಿಗೆ ಮೈ ಉಜ್ಜಿತು. ಅವಳ ಕಣ್ಣು ಒಂದೇ ಒಂದು ಕ್ಷಣ ಮುಚ್ಚಿತು. ಆ ತೂಕಡಿಕೆಯಲ್ಲಿ ಮೇಲಿನ ಚೌಕಟ್ಟನ್ನು ಹಿಂದುಮುಂದಾಗಿ ಕೂರಿಸಿಬಿಟ್ಟಳು. ಮೂಲೆಗಳು ಗಟ್ಟಿಯಾಗಿ ನಿಂತವು, ಆದರೆ ಒಳಗಿನ ಮರಳಚ್ಚಿನ ಎರಡು ಹೋಳು ಒಂದಕ್ಕೊಂದು ಸೇರಲಿಲ್ಲ. ಸಂದಿನಲ್ಲಿ ಲೋಹ ನುಸುಳಿ ಚಿಟ್ಟೆಗಳಾಗಿ ಹಾರಿತು. ಉಳಿದದ್ದು ಸೊಟ್ಟ ಮೂತಿಯ ಅರ್ಧ ಗಂಟೆ. ಅಲ್ಲಾಡಿಸಿದರೆ ಕೆಮ್ಮಿತು.

ಹಾಲವ್ವ ಪಾರಿಯ ಪಕ್ಕ ಕೂತಳು. ಮಗುವಿನ ಬೆರಳ ತುದಿ ಆಗಲೇ ಬೆಳ್ಳಗೆ, ಹೊಗೆಯಂತೆ ತೆಳ್ಳಗಾಗಿತ್ತು. ತಾಯಿ ಆ ಬೆರಳನ್ನು ಮುಟ್ಟಲು ಹೋದಳು. ಸಿಗಲಿಲ್ಲ.

ಎದ್ದು ಹೋಗಿ ಉಳಿ ಹಿಡಿದಳು.

"ಒಂದು ಗೂಟ ಸಣ್ಣದಾಯಿತಲ್ಲೇ, ಅಳತೆ ತಪ್ಪಿತಾ?" ಎಂದ ಓಬಣ್ಣ.

"ತಪ್ಪಿಲ್ಲ ರೀ. ಒಂದು ಹೆಬ್ಬೆರಳಿನಷ್ಟು, ಒಂದು ಕಿರುಬೆರಳಿನಷ್ಟು. ತೂತೂ ಹಾಗೇ. ಇನ್ನು ನಾನು ತೂಕಡಿಸಿದರೂ ಪೆಟ್ಟಿಗೆ ತೂಕಡಿಸಲ್ಲ."

ಮೂರನೆಯ ದಿನ ಬೆಕ್ಕು ಮತ್ತೆ ಬಂತು, ಮತ್ತೆ ಮೈ ಉಜ್ಜಿತು, ಹಾಲವ್ವನ ಕಣ್ಣು ಮತ್ತೆ ಮುಚ್ಚಿತು. ಚೌಕಟ್ಟು ಹಿಂದುಮುಂದಾಯಿತು. ಆದರೆ ದಪ್ಪ ಗೂಟ ಸಣ್ಣ ತೂತಿಗೆ ಇಳಿಯಲೊಲ್ಲೆ ಎಂದು ಟಕ್ಕೆಂದಿತು. ಆ ಸದ್ದಿಗೆ ಅವಳು ಬೆಚ್ಚಿ ಎಚ್ಚರಗೊಂಡು ಸರಿಯಾಗಿ ತಿರುಗಿಸಿದಳು. ಗೂಟಗಳು ಇಳಿದವು. ಅಗುಳಿ ಬಿಗಿದಳು. ಕೊನೆಯ ಗಟ್ಟಿಯನ್ನು ಕರಗಿಸಿ ಹೊಯ್ದಳು.

ಮೂಲೆ ಬಿಡಲಿಲ್ಲ, ಸಂದು ಸಿಗಲಿಲ್ಲ. ಹೊರಬರಲು ದಾರಿ ಕಾಣದ ಬೆಳದಿಂಗಳು ಪೆಟ್ಟಿಗೆಯನ್ನೇ ಎತ್ತಿಕೊಂಡು ಮೇಲೆದ್ದಿತು. ಹಾಲವ್ವ ನೆಗೆದು ಅದರ ಮೇಲೆ ಕೂತಳು. ಓಬಣ್ಣ ಚಾಪೆಯ ಹಗ್ಗ ಎಸೆದು ಪೆಟ್ಟಿಗೆಗೆ ಸಿಕ್ಕಿಸಿ ಹಿಡಿದ. ಅವನೂ ಮಾಡಿನೆತ್ತರಕ್ಕೆ ಏರಿ ಜೋತಾಡಿದ.

"ಬಿಡಬೇಡ್ರೀ!"

"ಬಿಟ್ಟರೆ ಬೀಳೋದು ನಾನು ಕಣೇ!"

ಪೆಟ್ಟಿಗೆ ಮಂಜನ್ನು ದಾಟಿತು. ಮೇಲೆ ಮೋಡದ ಮೇಲೆ ಜೊಂಪಯ್ಯ ಕೂತಿದ್ದ. ಅವನ ಚೀಲದಲ್ಲಿ ಊರಿನ ಮಕ್ಕಳ ಕನಸುಗಳು ಮಿಣುಮಿಣು ಎನ್ನುತ್ತಿದ್ದವು.

"ದಣಿದಿದ್ದೀಯಾ, ತಾಯಿ," ಎಂದ ಅವನು. ದನಿ ಹಾಸಿಗೆಯಷ್ಟು ಮೆತ್ತಗಿತ್ತು. "ಎದ್ದರೆ ಆ ಮಗು ಊಟ ಬೇಡ ಅನ್ನುತ್ತೆ. ಸೆರಗು ಹಿಡಿದು ಎಳೆಯುತ್ತೆ. ಮೂರು ದಿನದಿಂದ ನಿನ್ನ ಮನೆ ಎಷ್ಟು ತಣ್ಣಗಿದೆ! ಅಗುಳಿ ತೆಗೆ. ಮಲಗು."

ಹಾಲವ್ವನ ಕೈ ಅಗುಳಿಯ ಮೇಲಿತ್ತು. ಅವನು ಹೇಳಿದ್ದು ಸುಳ್ಳಲ್ಲ, ಅದೇ ಅವಳಿಗೆ ಚುಚ್ಚಿತು. ಎಷ್ಟೋ ಸಂಜೆ ಅವಳೇ ಒಂದು ಗಳಿಗೆಯ ಮೌನ ಬೇಡಿಕೊಂಡಿದ್ದಳು. ಆದರೆ ಈ ಮೌನವನ್ನಲ್ಲ.

"ಅವಳ ಹಟ ನನ್ನದು. ಅವಳ ಕೂಗು ನನ್ನದು," ಎಂದಳು. "ಒಂದು ಮಗುವಿಗೆ ಒಂದು ತುತ್ತು ಉಣ್ಣಿಸಿದವನಲ್ಲ ನೀನು, ಕದ್ದು ತಿಂದು ಮೈ ಬೆಳೆಸಿದವನು. ನನಗೆ ನಿದ್ದೆಯ ಪಾಠ ಹೇಳ್ತೀಯಾ? ಸರಿ ಆಚೆ!"

ಮೋಡದ ತಂಪಿಗೆ ಬೆಳದಿಂಗಳು ಗಟ್ಟಿಯಾಯಿತು. ಗಟ್ಟಿಯಾದದ್ದೇ ತನ್ನ ಭಾರ ನೆನೆದು ತೂಗುತ್ತಾ ತೂಗುತ್ತಾ ಹಿತ್ತಿಲಿಗೆ ಇಳಿಯಿತು. ಹಾಲವ್ವ ಅಗುಳಿ ತೆಗೆದಳು, ಮರಳು ಒಡೆದಳು. ಒಳಗೆ ನಿಂಬೆಹಣ್ಣಿನಷ್ಟು ಗಂಟೆ, ಎಲ್ಲೂ ಒಂದು ಬಿರುಕಿಲ್ಲ. ಒಳಗಿನ ಮಣ್ಣು ಕುಟ್ಟಿ ತೆಗೆದು, ನಾಲಗೆ ಕಟ್ಟಿ, ಪಾರಿಯ ಕಿವಿಯ ಬಳಿ ಮೆಲ್ಲಗೆ ಅಲ್ಲಾಡಿಸಿದಳು.

ಗಂಟೆ ಒಮ್ಮೆ ಉಲಿಯಿತು. ಪಾರಿಯ ಬೆರಳಿಗೆ ಬಣ್ಣ ಬಂತು. ಎರಡನೆಯ ಸಲ ಉಲಿಯಿತು. ಜೊಂಪಯ್ಯನ ಚೀಲ ಹರಿದು ಕನಸುಗಳು ಗುಬ್ಬಿಗಳಂತೆ ತಮ್ಮ ತಮ್ಮ ಮನೆಗೆ ಹಾರಿದವು. ಮೂರನೆಯ ಸಲ ಉಲಿಯಿತು. ಹಸಿದ ಮಾಂತ್ರಿಕ ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಮಂಜಿನೊಂದಿಗೆ ಕರಗಿದ. ಬಿಸಿಲು ಅವನನ್ನು ಕುಡಿದುಬಿಟ್ಟಿತು.

ಪಾರಿ ಕಣ್ಣುಬಿಟ್ಟು ಕೈ ನೋಡಿಕೊಂಡಳು.

"ಅವ್ವಾ, ರೊಟ್ಟಿ ಒಣಗಿಹೋಗಿದೆ. ಬೇರೆ ಕೊಡು."

ಹಾಲವ್ವ ಬೇರೆ ರೊಟ್ಟಿ ಸುಟ್ಟಳು. ಬೀದಿಯಲ್ಲೆಲ್ಲ ಮಕ್ಕಳ ಗಲಾಟೆ ಎದ್ದಿತು. ಸಾಕಮ್ಮ ಮೊಮ್ಮಗನನ್ನು ಸೊಂಟದಲ್ಲಿ ಹೊತ್ತು ಬಂದು ಹಾಲವ್ವನ ಕೈ ಹಿಡಿದುಕೊಂಡಳು.

ಅಂದಿನಿಂದ ತೂಗುಪುರದವರು ಗದ್ದಲದಲ್ಲೂ ಸುಖದಲ್ಲೂ ತುಂಬ ಕಾಲ ಬಾಳಿದರು. ಅವತ್ತಿನ ಸಂಜೆಯಂತೂ ಒಂದು ಮಗುವೂ ಮಲಗಲಿಲ್ಲ. ಮೂರು ದಿನ ಮಲಗಿದವರಿಗೆ ನಿದ್ದೆ ಎಲ್ಲಿಂದ ಬರಬೇಕು? ಪಾರಿ ಚಾಪೆಯ ಮೇಲೆ ಲಾಗ ಹಾಕುತ್ತಿದ್ದಳು. ಮಂಚವಿಲ್ಲದ ಓಬಣ್ಣ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಹಾಲವ್ವ ಗೋಡೆಗೆ ಒರಗಿ, "ಮಲಗೇ ನನ್ನವ್ವಾ, ಕೈ ಮುಗೀತೀನಿ" ಎಂದು ಬೇಡಿಕೊಳ್ಳುತ್ತಿದ್ದಳು, ಮತ್ತೆ ಮಗಳು ಎಲ್ಲಿ ಮಲಗಿಬಿಡುತ್ತಾಳೋ ಎಂದು ಕಣ್ಣು ಮುಚ್ಚದೆ ನೋಡುತ್ತಲೇ ಇದ್ದಳು.